ಗೋಡೆಗೆ ಮೊದಲೇ ಗೊತ್ತು

ಟಕ್ ಟಕ್ — ಗೋಡೆ ಎರಡು ಸಲ ಗುದ್ದಿತು, ಅಂದರೆ ಬ್ಯಾಸ್ಕೆಟ್‌ಬಾಲಿನ ಮೂರು ಪಾಯಿಂಟಿನ ಬುಟ್ಟಿ, ಆದರೆ ಓಪಲ್‌ಳ ಟೀವಿಯಲ್ಲಿ ಚೆಂಡಿನ್ನೂ ಹದಿನಾಲ್ಕನೇ ನಂಬರಿನ ಹುಡುಗನ ಕೈಯಲ್ಲೇ ಇದೆ, ಗೆರೆಯಾಚೆ ನಿಂತು ಪುಟಿಸುತ್ತಿದ್ದಾನೆ, ಪಾಪ, ತಾನು ಹಾಕಿ ಆಗಿದೆ ಅಂತ ಅವನಿಗೇ ಗೊತ್ತಿಲ್ಲ, ಪಕ್ಕದ ಮನೆ ಟಾಲಿವರ್ ತಾತನಿಗೆ ಗೊತ್ತು, ಗೋಡೆಗೆ ಗೊತ್ತು, ಈಗ ನೋಡು ಎಸೆದ, ಚೆಂಡು ಗಾಳಿಯಲ್ಲಿ ಒಂದು ಗಳಿಗೆ ನಿಂತ ಹಾಗೆ, ಯಾರೋ ತೂಗುಹಾಕಿದ ಕಿತ್ತಳೆ ಹಣ್ಣಿನ ಹಾಗೆ, ಆಮೇಲೆ ಬಲೆಯೊಳಗೆ ಸರಕ್ಕನೆ — ಕೂಗೋಣವೆಂದು ಬಾಯಿ ತೆರೆದರೆ ಕೂಗೇ ಬರದು, ಯಾರೋ ಉಂಡು ಬಿಟ್ಟ ತಟ್ಟೆಗೆ ಕೂತ ಹಾಗೆ, ಎಲ್ಲಾ ಅಣ್ಣ ಡ್ವೇನ್‌ನ ಘನಕಾರ್ಯ, ಕೇಬಲ್ ಕಿತ್ತು ಸುತ್ತಿ ಪೆಟ್ಟಿಗೆಗೆ ತುಂಬಿದ, ಇನ್ಮೇಲೆ ಆಟವೆಲ್ಲಾ ಇಂಟರ್ನೆಟ್ಟಲ್ಲೇ ಕಣೇ, ಕೇಬಲ್ಲು ಮುದುಕರಿಗೆ, ಅಂದ, ಇಂಟರ್ನೆಟ್ಟಿನ ಚಿತ್ರ ತಾತನ ಕೇಬಲ್ಲಿಗಿಂತ ಅರ್ಧ ನಿಮಿಷ ಹಿಂದೆ ತೆವಳುತ್ತೆ ಅಂತ ಮಾತ್ರ ಹೇಳಲಿಲ್ಲ ಮಹಾರಾಯ, ಮೊದಲಾದರೆ ಎರಡೂ ಮನೆಗೆ ಒಂದೇ ಗಳಿಗೆ, ನಡುವಿನ ಗೋಡೆಗೆ ಎರಡೂ ಕಡೆಯಿಂದ ಗುದ್ದು ಬಿದ್ದು ಅಮ್ಮನ ಮದುವೆ ಫೋಟೋ ಕುಣಿಯುತ್ತಿತ್ತು, ಎರಡಕ್ಕೆ ಒಂದು ಗುದ್ದು, ಮೂರಕ್ಕೆ ಎರಡು, ರೆಫರಿ ಮೋಸ ಮಾಡಿದರೆ ಅಂಗೈಯಲ್ಲಿ ಫಟಾರ್ — ಮೆಟ್ಟಿಲ ಹತ್ತಿರ ತಾತ ಸಿಕ್ಕರೆ ಓಪಲ್‌ಗೆ ನಾಲಿಗೆಯೇ ಹೊರಳದು, ಶಾಲೆಯಲ್ಲೂ ಹಾಗೇ, ಎದ್ದು ಓದು ಅಂದರೆ ಮೊದಲ ಅಕ್ಷರಕ್ಕೇ ತೊದಲುತ್ತಿದ್ದಳು, ಅದಕ್ಕೇ ಶಾಲೆ ಬಿಟ್ಟಳು, ಈಗ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುತ್ತಾಳೆ, ಬೆಡ್‌ಶೀಟು ಪ್ರಶ್ನೆ ಕೇಳುವುದಿಲ್ಲ — ಆದರೆ ಗೋಡೆಯ ಮೇಲೆ ಅವಳಷ್ಟು ವಾಚಾಳಿ ಇಡೀ ಕ್ಲೀವ್‌ಲ್ಯಾಂಡಲ್ಲಿಲ್ಲ, ಏನಮ್ಮಾ ಮೂಗಿ, ನಿನ್ನೆ ಗುದ್ದಿದ ಗುದ್ದಿಗೆ ನನ್ನ ಹಲ್ಲಿನ ಸೆಟ್ಟು ಲೋಟದಿಂದ ಹಾರಿತು, ಅನ್ನುತ್ತಿದ್ದ ತಾತ, ಅವಳು ನೆಲ ನೋಡಿ ನಗುತ್ತಿದ್ದಳು, ಈಗ ತಡವಾಗಿ ಗುದ್ದಿದರೆ ಏನು ಚೆಂದ, ಕಿವುಡಿ ಅಂದುಕೊಂಡಾನು, ಅಂತ ಗುದ್ದುವುದನ್ನೇ ಬಿಟ್ಟಿದ್ದಾಳೆ, ಇನ್ನೊಂದೇ ಒಂದು ಸಲ ಒಟ್ಟಿಗೆ ಕೂಗಬೇಕಿತ್ತು — ಅರೆ, ನಮ್ಮವರು ಎರಡು ಪಾಯಿಂಟು ಹಾಕಿದರಲ್ಲ, ಈಗ, ಕಣ್ಣೆದುರೇ, ಗೋಡೆ ಯಾಕೆ ಮೊದಲೇ ಹೇಳಲಿಲ್ಲ? ಮತ್ತೆ ಬಿತ್ತು, ಮತ್ತೂ ಗೋಡೆ ಸುಮ್ಮನೆ, ಆಟವೇ ಮರೆತುಹೋಯಿತು ಅವಳಿಗೆ, ತಾತ ಬಿದ್ದನೇ, ಎದೆ ಹಿಡಿದುಕೊಂಡನೇ, ಸೋಫಾದಿಂದ ಹಾರಿ ಮುಷ್ಟಿ ಎತ್ತಿದಳು, ತಾನಾಗಿ ಮೊದಲು ಗುದ್ದಿದ್ದು ಜನ್ಮದಲ್ಲಿ ಇದೇ, ಟಕ್ — ಗೋಡೆಗೆ ಕಿವಿಯಿಟ್ಟಳು, ಟಕ್ ಟಕ್ ಟಕ್, ಅಮ್ಮನ ಫೋಟೋ ವಾರೆಯಾಯಿತು, ತಾತಾ, ಅಂತ ಕೂಗಿಯೇ ಬಿಟ್ಟಳು, ಅಷ್ಟು ದೊಡ್ಡ ದನಿ ತನ್ನದೇ? — ಧಡ ಧಡ, ಇದು ಗೋಡೆಯಲ್ಲ, ಬಾಗಿಲು, ತೆರೆದರೆ ಹಿಮ ಹೊತ್ತ ಗಾಳಿ, ಗಾಳಿಯಲ್ಲಿ ತಾತ, ಕಾಲಿಗೆ ಬರೀ ಚಪ್ಪಲಿ, ಕಂಕುಳಲ್ಲಿ ಮಡಚುವ ಕುರ್ಚಿ, ಕೈಯಲ್ಲಿ ಕರಿದ ಕೋಳಿರೆಕ್ಕೆಯ ಬೋಗುಣಿ, ಟೀವಿ ಕಪ್ಪಗಾಯ್ತು ಕಣೇ ಮೂಗಿ, ಆ ಕೇಬಲ್ಲಿನವರು ಕಡೇ ಗಳಿಗೇಲಿ ಕೈ ಕೊಟ್ರು, ಸ್ಕೋರೆಷ್ಟು, ಬಾಯಿ ಬಿಡೇ! — ಒಂದು ಪಾಯಿಂಟು ಹಿಂದೆ ತಾತ, ಚೆಂಡು ನಮ್ಮದೇ, ಕೂತ್ಕೋ, ಅಂದಳು, ಒಂದೇ ಉಸಿರಿಗೆ, ತೊದಲದೆ, ಅವನು ಕೂರಲಿಲ್ಲ, ಇಬ್ಬರೂ ಗೋಡೆಗೆ ಒಂದೊಂದು ಮುಷ್ಟಿ ಆನಿಸಿ ನಿಂತರು, ಮೊದಲ ಸಲ ಒಂದೇ ಕಡೆ, ಹದಿನಾಲ್ಕನೆಯವನು ಗೆರೆಯಾಚೆ, ಪುಟಿಸಿದ, ಬಾಗಿದ, ಎಸೆದ — ಗಪ್ಪೆಂದು ಚಿತ್ರ ನಿಂತಿತು, ನಡುವೆ ಸಣ್ಣ ಬಿಳಿ ಚಕ್ರ ತಿರುಗುತ್ತಿದೆ, ಏನಾಯ್ತೇ, ಬಿತ್ತಾ? ಗೊತ್ತಿಲ್ಲ ತಾತ, ಯಾರಿಗೂ ಗೊತ್ತಿಲ್ಲ, ಈ ಸಲ ಗೋಡೆಗೂ ಗೊತ್ತಿಲ್ಲ, ಅವಳಿಗೆ ನಗು ಉಕ್ಕುತ್ತಿದೆ, ತಾತನ ಬಾಯಿ ಕೂಗಿಗೆ ತೆರೆದೇ ಇದೆ, ಅವಳದೂ, ಚಕ್ರ ತಿರುಗುತ್ತಿದೆ, ಚೆಂಡು ಗಾಳಿಯಲ್ಲಿ, ತೂಗುಹಾಕಿದ ಕಿತ್ತಳೆ ಹಣ್ಣಿನ ಹಾಗೆ, ಚೆಂಡು —