ಮೂರನೆಯ ಸಲ ಕೇಳಿದಾಗ

ಮಾರ್ಲಿಸ್ ಎಂಗೆಬ್ರೆಟ್ಸನ್ ಬಹುಕಾಲ ಶಾಲೆಯ ಲೈಬ್ರರಿ ನೋಡಿಕೊಂಡವರು, ಊರಿನವರಿಗೆಲ್ಲ ಟೀಚರ್. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಸರ ಬಂದು, ವಿಶ್ವವಿದ್ಯಾಲಯದವರ ಒಂದು ಅಧ್ಯಯನಕ್ಕೆ ಸೇರಿಕೊಂಡಿದ್ದರು. ಯುದ್ಧದಿಂದ ಮರಳಿದವರ ಮನೆಗಳಲ್ಲಿ ಮಕ್ಕಳು ಹೇಗಿದ್ದಾರೆ, ಅವರನ್ನು ಕುಗ್ಗಿಸುವುದು ಯಾವುದು, ಕುಗ್ಗಿದವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಯಾವುದು ಎಂದು ತಿಳಿಯುವ ಅಧ್ಯಯನ ಅದು. ಅವರು ಮಾಡಬೇಕಾದದ್ದು ಇಷ್ಟೆ: ಮನೆಗೆ ಹೋಗಿ ಕ್ಯಾಮೆರಾ ನಿಲ್ಲಿಸುವುದು, ಮನೆಯೊಳಗಿನ ಯಾವುದಾದರೊಂದು ತಕರಾರನ್ನು ಹತ್ತು ನಿಮಿಷ ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಮನೆಯವರಿಗೆ ಹೇಳುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು. ಕಷ್ಟವಿದ್ದದ್ದು ಈ ಕೊನೆಯದರಲ್ಲೇ. ಕ್ಯಾಮೆರಾ ಓಡುತ್ತಿರುವಾಗ ನೋಡುವವರು ಒಂದು ಮಾತಾಡಿದರೂ, ಹುಬ್ಬು ಹಾರಿಸಿದರೂ ಆ ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಬಾಯಿ ಮುಚ್ಚಿಕೊಂಡಿರಲು ಅಮೆರಿಕದ ಉತ್ತರದಂಚಿನ ಈ ಮಿನ್ನೆಸೋಟದವರಿಗಿಂತ ಯೋಗ್ಯರು ಸಿಗಲಾರರು ಎಂದು ಅಧ್ಯಯನದ ಮುಖ್ಯಸ್ಥ, ಟೆಕ್ಸಸ್‌ನಿಂದ ಬಂದ ಪ್ರೊಫೆಸರ್ ಕಿಂಟಾನಿಯಾ ನಗುತ್ತಿದ್ದರು. ಉತ್ತರ ಕೊಡುವುದಕ್ಕೆ ಇವರಷ್ಟು ಅಯೋಗ್ಯರೂ ಇಲ್ಲ ಎಂಬುದು ಅವರ ಅಳಲು. ಏನು ಕೇಳಿದರೂ "ಪರವಾಗಿಲ್ಲ, ಇದಕ್ಕಿಂತ ಕೆಟ್ಟದಾಗಿರಬಹುದಿತ್ತು" ಎಂಬ ಒಂದೇ ಮಾತು. ಕಾಫಿ ಬೇಕೇ ಎಂದರೆ ಬೇಡ. ಮತ್ತೆ ಕೇಳಿದರೆ ಖಂಡಿತ ಬೇಡ. ಮೂರನೆಯ ಸಲಕ್ಕೆ, ನಿಮಗೆ ತೊಂದರೆ ಇಲ್ಲದಿದ್ದರೆ ಅರ್ಧ ಕಪ್ ಎಂದು ಶುರುಮಾಡಿ ಎರಡು ಕಪ್ ಕುಡಿದು ಏಳುವುದು. ಈ ಸೀಮೆಯಲ್ಲಿ ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ನಿಜವಾದ ಉತ್ತರ ಮೂರನೆಯದು. ಅದನ್ನರಿಯದ ಪ್ರೊಫೆಸರು ಮೊದಲ ಚಳಿಗಾಲ ತಮ್ಮ ಮನೆಗೆ ಬಂದ ಅತಿಥಿಗಳನ್ನೆಲ್ಲ ಒಂದೇ ಸಲ ಕೇಳಿ, ಹಸಿದ ಹೊಟ್ಟೆಯಲ್ಲೇ ಕಳಿಸಿಕೊಟ್ಟಿದ್ದರಂತೆ.

ಜನವರಿಯ ಒಂದು ಶನಿವಾರ ಮಾರ್ಲಿಸ್ ನ್ಯೂಗಾರ್ಡ್ ಕುಟುಂಬದ ಮನೆಗೆ ಹೋದರು. ಯಜಮಾನ ಡ್ವೇನ್ ಟ್ರಾಕ್ಟರ್ ರಿಪೇರಿ ಮಾಡುವವನು, ಕರೆ ಬಂದಾಗ ಸಮವಸ್ತ್ರ ತೊಡುವ ನ್ಯಾಷನಲ್ ಗಾರ್ಡ್‌ನವನು. ಒಂದು ವರ್ಷ ಇರಾಕಿನಲ್ಲಿದ್ದು ಕಳೆದ ಬೇಸಿಗೆಯಲ್ಲಿ ಮರಳಿದ್ದ. ಹೆಂಡತಿ ರನೇ ವೃದ್ಧಾಶ್ರಮದಲ್ಲಿ ನರ್ಸ್. ಒಬ್ಬಳೇ ಮಗಳು ಸಿಗ್ನೆ, ಐದನೆಯ ತರಗತಿ.

ಬೂಟು ಬಿಚ್ಚಿ ಒಳಗೆ ಕಾಲಿಡುತ್ತಲೇ ಆ ಮನೆಯ ನಿಶ್ಶಬ್ದ ಮಾರ್ಲಿಸ್‌ಗೆ ತಾಗಿತು. ಕುರ್ಚಿಗಳ ಕಾಲಿಗೆಲ್ಲ ಟೆನಿಸ್ ಚೆಂಡು ಸೀಳಿ ತೊಡಿಸಿದ್ದರು. ಬಾಗಿಲ ಚೌಕಟ್ಟಿಗೆ ಮೆತ್ತನೆಯ ಬಟ್ಟೆಯ ಪಟ್ಟಿ. ನಾಯಿ ಕೂಡ ಬೊಗಳಲಿಲ್ಲ, ಕ್ಷಮಿಸಿ ಎನ್ನುವ ಹಾಗೆ ಬಾಲ ಅಲ್ಲಾಡಿಸಿತು, ಅಷ್ಟೆ. ಅಡುಗೆಮನೆಯಲ್ಲಿ ಸಿಗ್ನೆ ಮೈಕ್ರೋವೇವ್ ಮುಂದೆ ಬೆಕ್ಕಿನ ಹಾಗೆ ಹೊಂಚಿ ನಿಂತಿದ್ದಳು. ಅದು ಕೂಗುವುದಕ್ಕೆ ಒಂದು ಸೆಕೆಂಡ್ ಮುಂಚೆ ಬಾಗಿಲು ತೆರೆದು ಸೂಪು ಹೊರತೆಗೆದಳು. ಎಷ್ಟು ಪಳಗಿದ ಕೈ ಎಂದರೆ, ಅವಳು ಅದರ ಕಡೆ ನೋಡುತ್ತಲೂ ಇರಲಿಲ್ಲ.

ಕಪಾಟಿನ ಮೇಲೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟಿದ್ದರು. ಎಲ್ಲದರ ತಳವೂ ಏಟು ತಿಂದು ತಗ್ಗಾಗಿತ್ತು. ಅಪ್ಪ ಇರಾಕಿನಲ್ಲಿದ್ದ ವರ್ಷವೆಲ್ಲ ಸಿಗ್ನೆ ಮರದ ಸೌಟು ಹಿಡಿದು ಅವನ್ನು ಬಾರಿಸಿದ್ದೇ ಬಾರಿಸಿದ್ದು ಎಂದು ರನೇ ಮೆಲುದನಿಯಲ್ಲಿ ಹೇಳಿದಳು. ಫೋನಿನಲ್ಲಿ ಅಪ್ಪನಿಗೂ ಕೇಳಿಸುತ್ತಿದ್ದಳು. ಈ ವರ್ಷ ಶಾಲೆಯ ಬ್ಯಾಂಡಿಗೆ ವಾದ್ಯ ಆರಿಸಿಕೊಳ್ಳಿ ಎಂದಾಗ ಅವಳು ಡ್ರಮ್ ಬಿಟ್ಟು ಕೊಳಲು ತಂದಿದ್ದಳು. "ನಾವೇನೂ ಹೇಳ್ಲಿಲ್ಲ ಟೀಚರ್. ಅಪ್ಪಂಗೆ ಸದ್ದು ಆಗಲ್ಲ ಅಂತ ತಾನೇ ತಿಳ್ಕೊಂಡ್ಳು," ಎಂದು ರನೇ ಒಲೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಡ್ವೇನ್ ಸರೋವರದಿಂದ ಬಂದ. ಹೆಪ್ಪುಗಟ್ಟಿದ ನೀರಿನ ಮೇಲೆ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಅವನದೊಂದು ಗುಡಿಸಲು, ಶನಿವಾರ ಭಾನುವಾರಗಳೆಲ್ಲ ಅಲ್ಲೇ. ಮೀನು ಸಿಕ್ಕುತ್ತದೆಯೇ ಎಂದು ಮಾರ್ಲಿಸ್ ವಿಚಾರಿಸಿದರು. ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ಮೀನಿಗೆ ಯಾರು ಹೋಗ್ತಾರೆ ಟೀಚರ್? ನಾನು ಮನೇಲಿದ್ರೆ ಮಗು ಉಸಿರು ಬಿಡೋಕ್ಕೂ ಹೆದರುತ್ತೆ. ನಾನಿಲ್ದಾಗಾದ್ರೂ ಕುಣಿದಾಡ್ಲಿ ಅಂತ."

ಮಾರ್ಲಿಸ್ ಕ್ಯಾಮೆರಾದ ಕಾಲುಗಳನ್ನು ಬಿಡಿಸುತ್ತ ಮನಸ್ಸಿನಲ್ಲೇ ನಿಟ್ಟುಸಿರಿಟ್ಟರು. ಮನೆ ಗದ್ದಲವೆಂದು ಅಪ್ಪ ಹೊರಗೆ ಹೋಗುತ್ತಾನೆ ಅಂದುಕೊಂಡು ಮಗಳು ಇನ್ನಷ್ಟು ಸುಮ್ಮನಾಗುತ್ತಾಳೆ. ತನಗೆ ಹೆದರಿ ಮಗಳು ಸುಮ್ಮನಿದ್ದಾಳೆ ಅಂದುಕೊಂಡು ಅಪ್ಪ ಇನ್ನಷ್ಟು ಹೊರಗಿರುತ್ತಾನೆ. ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿಯೇ ಈ ಮನೆಯವರು ದೂರವಾಗುತ್ತಿದ್ದರು. ಹೇಳಿಬಿಡೋಣವೆಂದರೆ, ನೋಡಲು ಬಂದವರು ಹೇಳುವಂತಿಲ್ಲ.

ಮೂವರೂ ಮೇಜಿನ ಸುತ್ತ ಕೂತರು. ಯಾವ ತಕರಾರು ಎಂದು ಕೇಳಿದ್ದಕ್ಕೆ ರನೇ, ಸಿಗ್ನೆ ಕೊಳಲು ಅಭ್ಯಾಸ ಮಾಡುವುದೇ ಇಲ್ಲ ಎಂಬುದನ್ನು ಎತ್ತಿಕೊಂಡಳು. ಮಾರ್ಲಿಸ್ ಹತ್ತು ನಿಮಿಷ ಅಳೆಯಲು ತಂದಿದ್ದ ಪುಟ್ಟ ಗಡಿಯಾರದ ಗಂಟೆ ಹೊಡೆಯದಂತೆ ಅದರ ಗುಂಡಿ ಒತ್ತಿದರು. ಒತ್ತಿದ ಮೇಲೆ ಅರಿವಾಯಿತು, ತಾನೂ ಈ ಮನೆಯ ಸಂಚಿಗೆ ಸೇರಿಕೊಂಡೆ ಎಂದು.

ಸೋಮವಾರದವರೆಗೆ ವಾದ್ಯ ಬದಲಿಸಬಹುದು, ಆಮೇಲೆ ಇಲ್ಲ ಎಂದು ಬ್ಯಾಂಡ್ ಮೇಷ್ಟ್ರು ಹೇಳಿ ಕಳಿಸಿದ್ದನ್ನು ರನೇ ನೆನಪಿಸಿದಳು. ಡ್ವೇನ್ ತನ್ನ ಕರಿ ಹಿಡಿದ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

"ಕೊಳಲು ಇಷ್ಟ ಇಲ್ವಾ ಪುಟ್ಟಿ?"

"ಪರವಾಗಿಲ್ಲಪ್ಪ."

"ಡ್ರಮ್ ಬೇಕಾ?"

"ಬೇಡಪ್ಪ, ಕೊಳಲೇ ಸಾಕು."

"ನಿಜವಾಗ್ಲೂ ಬೇಡ್ವಾ?" ಎಂದ ಅವನು.

"ನಿಜವಾಗ್ಲೂ ಬೇಡ," ಎಂದಳು ಸಿಗ್ನೆ. ಮೇಜಿನ ಕೆಳಗೆ ಅವಳ ಬೆರಳುಗಳು ಮೊಣಕಾಲಿನ ಮೇಲೆ ತಟ್ಟುತ್ತಿದ್ದವು, ತಟ ತಟ, ತಟ ತಟ. ಕ್ಯಾಮೆರಾಕ್ಕೆ ಅದು ಕಾಣದು, ಮಾರ್ಲಿಸ್‌ಗೆ ಕಾಣುತ್ತಿತ್ತು.

ಇನ್ನೊಂದೇ ಸಲ ಕೇಳು, ಮಾರಾಯ. ಮಾರ್ಲಿಸ್ ತುಟಿ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಸುವನ್ನು ನೋಡುತ್ತ ಕೂತರು. ಅವರ ತಂದೆ ಕೊರಿಯಾದ ಯುದ್ಧದಿಂದ ಮರಳಿದಾಗ ಅವರ ಮನೆಗೆ ಯಾರೂ ಕ್ಯಾಮೆರಾ ತಂದಿರಲಿಲ್ಲ, ಯಾರೂ ಒಂದು ಸಲವಾದರೂ ಏನನ್ನೂ ಕೇಳಿರಲಿಲ್ಲ. ಡ್ವೇನ್ ಕೇಳಲಿಲ್ಲ. ಸರಿ ಹಾಗಾದ್ರೆ, ದಿನಕ್ಕೆ ಒಂದಿಷ್ಟು ಹೊತ್ತು ಊದು ಎಂದು ಮಾತು ಮುಗಿಸಿದ. ಹತ್ತು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಮೂವರೂ ಉಪ್ಪಿನ ಡಬ್ಬಿ ನೋಡುತ್ತ ಕಳೆದರು.

ಮಾರ್ಲಿಸ್ ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದರು. ಈಗ ಅವರು ಬರೀ ಅತಿಥಿ. ರನೇ ಕಾಫಿ ಕೊಡಲೇ ಎಂದು ಕೇಳಿದಳು. ಬೇಡಮ್ಮ, ಹೊರಟೆ ಎಂದರು ಮಾರ್ಲಿಸ್. ಖರ್ಜೂರ ಹಾಕಿ ಸಿಹಿ ಬಾರ್ ಬೇಯಿಸಿದ್ದೇನೆ, ಒಂದು ತುಂಡು ತಿನ್ನಿ ಎಂದಳು. ಅಯ್ಯೋ, ಈಗ ತಾನೇ ತಿಂದು ಬಂದೆ ಎಂದರು. ಅವರು ತಿಂದಿರಲಿಲ್ಲ, ಆ ಬಾರಿನ ಪರಿಮಳ ಬಾಗಿಲಿನಿಂದಲೇ ಅವರನ್ನು ಎಳೆದಿತ್ತು. ಆದರೆ ರನೇಯ ಮನಸ್ಸು ಎಲ್ಲೋ ಇತ್ತು. ಅವಳು ತಲೆಯಾಡಿಸಿ ಬಾರಿನ ತಟ್ಟೆಗೆ ಮುಚ್ಚಳ ಮುಚ್ಚತೊಡಗಿದಳು. ಮಾರ್ಲಿಸ್ ಕೋಟು ಕೈಗೆತ್ತಿಕೊಂಡರು.

"ಏನೇ ರನೇ, ಅಷ್ಟಕ್ಕೇ ಬಿಟ್ಬಿಟ್ಯಲ್ಲೇ," ಎಂದ ಡ್ವೇನ್. "ಇನ್ನೊಂದ್ಸಲ ಕೇಳು. ಎರಡು ಸಲಕ್ಕೆ ಹೂಂ ಅನ್ನೋರು ಯಾರಿದಾರೆ ಈ ಊರಲ್ಲಿ..."

ಅವನ ಮಾತು ಅಲ್ಲೇ ನಿಂತಿತು. ಕುರ್ಚಿಯಿಂದ ಎದ್ದು ಅವನು ಸಿಗ್ನೆಯ ಎದುರು ಮೊಣಕಾಲೂರಿ ಕೂತ.

"ಪುಟ್ಟಿ, ಡ್ರಮ್ ಬೇಕಾ?"

ಸಿಗ್ನೆ ಅಮ್ಮನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. "ನಿಂಗೆ ತೊಂದ್ರೆ ಇಲ್ದಿದ್ರೆ..." ಎಂದಳು.

"ತೊಂದ್ರೆ ಇದೆ," ಎಂದ ಡ್ವೇನ್. "ತಟ್ಟನೆ ಏನಾದ್ರೂ ಸದ್ದಾದ್ರೆ ಎದೆ ಹಾರುತ್ತೆ, ಸುಳ್ಳಲ್ಲ. ಆದ್ರೆ ನೀನು ಹೀಗೆ ಕಳ್ಳಿ ಥರಾ ಓಡಾಡೋದು ಅದಕ್ಕಿಂತ ದೊಡ್ಡ ತೊಂದ್ರೆ. ನೀನು ಬಾರಿಸ್ತಿದ್ದೆಯಲ್ಲ ಫೋನಲ್ಲಿ, ಅದನ್ನ ಕೇಳ್ಕೊಂಡೇ ನಾನು ಅಲ್ಲಿ ನಿದ್ದೆ ಮಾಡ್ತಿದ್ದೆ."

"ಮತ್ಯಾಕೆ ನೀನು ರಜಾ ಬಂತು ಅಂದ್ರೆ ಕೆರೆಗೆ ಓಡೋಗ್ತೀಯ?"

"ನಿಂಗೆ ಆಡೋಕ್ಕೆ ಜಾಗ ಆಗ್ಲಿ ಅಂತ."

"ನಾನು ಆಡ್ತಾನೇ ಇರ್ಲಿಲ್ವಲ್ಲಪ್ಪ, ಪೆದ್ದ."

ರನೇಯ ಕೈಯಿಂದ ಮುಚ್ಚಳ ಜಾರಿತು. ಅದು ನೆಲಕ್ಕೆ ಬಿದ್ದು ಠಣ್ಣೆಂದಿತು. ಡ್ವೇನ್‌ನ ಭುಜ ಸೆಟೆದು ನಿಂತಿತು, ಮಗಳು ತಟ್ಟನೆ ಅವನ ಕೈ ಹಿಡಿದಳು. ಮುಚ್ಚಳ ಸುತ್ತಿ ಸುತ್ತಿ ನಿಲ್ಲುವವರೆಗೂ ಯಾರೂ ಅಲ್ಲಾಡಲಿಲ್ಲ. ಆಮೇಲೆ ಮೊದಲು ನಕ್ಕವನು ಡ್ವೇನ್. ರನೇ ಕಣ್ಣೊರೆಸಿಕೊಳ್ಳುತ್ತ ಮಾರ್ಲಿಸ್‌ಗೆ ಮೂರನೆಯ ಸಲ ಕಾಫಿ ಕೇಳಿದಳು. ಅರ್ಧ ಕಪ್ ಎಂದರು ಮಾರ್ಲಿಸ್, ಮೂರು ತುಂಡು ಬಾರ್ ತಿಂದರು.

ಎರಡನೆಯ ಭೇಟಿ ಫೆಬ್ರವರಿಯ ಕೊನೆಗೆ. ಕುರ್ಚಿಗಳ ಕಾಲಿನ ಚೆಂಡುಗಳನ್ನು ನಾಯಿಗೆ ಕೊಟ್ಟಿದ್ದರು. ಈ ಸಲ ಅದು ಬಾಗಿಲಲ್ಲೇ ಬೊಗಳಿತು, ಇಷ್ಟು ದಿನದ ಬಾಕಿಯನ್ನೆಲ್ಲ ತೀರಿಸುವಂತೆ. ಮೈಕ್ರೋವೇವ್ ಕೂಗಿಕೊಂಡರೂ ಯಾರೂ ಏಳಲಿಲ್ಲ. ಕ್ಯಾಮೆರಾ ಮುಂದೆ ಅಪ್ಪ ಮಗಳು ಹತ್ತು ನಿಮಿಷವೂ ಜಗಳವಾಡಿದರು, ಡ್ರಮ್ ಅಭ್ಯಾಸ ಅತಿಯಾಯಿತೋ ಇಲ್ಲವೋ ಎಂದು. ಪ್ರೊಫೆಸರ್ ಇದನ್ನು ನೋಡಿ ಕುಣಿದಾಡುತ್ತಾರೆ ಎಂದುಕೊಂಡರು ಮಾರ್ಲಿಸ್.

ಆಮೇಲೆ ಅವರನ್ನೂ ಸರೋವರಕ್ಕೆ ಕರೆದೊಯ್ದರು. ಅಭ್ಯಾಸ ಶುರುವಾದದ್ದೇ ಅಲ್ಲಿ, ಗೋಡೆಗಳಿಲ್ಲದ ಕಡೆ ಸದ್ದು ಅಪ್ಪನ ಮೇಲೆ ತಿರುಗಿ ಬೀಳುವುದಿಲ್ಲವೆಂದು ಸಿಗ್ನೆ ಹೂಡಿದ ಉಪಾಯ. ಬಿಳಿಯ ಬಯಲಿನ ನಡುವೆ ಮಡಿಸುವ ಕುರ್ಚಿ ಹಾಕಿ, ಡ್ರಮ್ ಮುಂದಿಟ್ಟುಕೊಂಡು ಅವಳು ಕೂತಳು. ಕೋಲು ಎತ್ತಿ, "ಅಪ್ಪ, ಶುರು ಮಾಡ್ತೀನಿ," ಎಂದಳು. ಅವನು ತಲೆಯಾಡಿಸಿದ ಮೇಲೆಯೇ ಮೊದಲ ಏಟು. ಅದು ಅವರಿಬ್ಬರ ಒಪ್ಪಂದ.

ಮೊದಮೊದಲು ಕಿವಿ ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದೆ ಎಂದು ಡ್ವೇನ್ ಮಾರ್ಲಿಸ್‌ಗೆ ಹೇಳಿದ. "ಈಗ ನೋಡಿ ಟೀಚರ್, ಮುಂದಿನ ಏಟು ಯಾವಾಗ ಬೀಳುತ್ತೆ ಅಂತ ನಂಗೆ ಮೊದಲೇ ಗೊತ್ತಾಗುತ್ತೆ. ಗೊತ್ತಾಗೋ ಸದ್ದು ಏನೂ ಮಾಡಲ್ಲ."

ಪಕ್ಕದ ಗುಡಿಸಲಿನ ಕಿಟಕಿಯಿಂದ ಮುದುಕ ಆರ್ವಿಲ್ ತಲೆ ಹೊರಹಾಕಿದ. "ನಿನ್ನ ಮಗಳ ಸದ್ದಿಗೆ ಮೀನೆಲ್ಲ ಓಡಿಹೋದ್ವು ಕಣೋ ಡ್ವೇನ್."

"ಡಿಸೆಂಬರಿಂದ ನಿಂಗೆ ಒಂದಾದ್ರೂ ಸಿಕ್ಕಿತ್ತೇನಪ್ಪ?"

"ಇಲ್ಲ. ಆದ್ರೆ ಇಲ್ಲೀತನಕ ಬೈಯೋಕ್ಕೆ ಯಾರೂ ಇರ್ಲಿಲ್ಲ," ಎಂದು ಮುದುಕ ತಲೆ ಒಳಗೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೂಟುಗಾಲಿನ ತಾಳ ಕೇಳಿಸಿತು.

ಸಿಗ್ನೆ ಬಾರಿಸಿ ದಣಿದು, ಕೆಂಪೇರಿದ ಮೂಗಿನೊಡನೆ ಮಾರ್ಲಿಸ್ ಕಡೆ ಕೋಲು ಚಾಚಿದಳು. "ನೀವೂ ಒಂದ್ಸಲ ಬಾರಿಸ್ತೀರಾ ಟೀಚರ್?"

ಕೇಳಿದವಳು ಮತ್ತೆರಡು ಸಲ ಕೇಳುವುದಕ್ಕೂ ಉಸಿರು ಸಿದ್ಧಮಾಡಿಕೊಂಡಿದ್ದಳು.

"ಹೂಂ, ಕೊಡು," ಎಂದರು ಮಾರ್ಲಿಸ್, ಮೊದಲನೆಯ ಸಲಕ್ಕೇ.