ಅತಿಥಿಗಳಿಗೆ ಮಾತ್ರ

"ಏಯ್, ಎದ್ದೇಳೇ ಮುಂಡೆ! ಕಾಡಂದ್ರೆ ನಿಮ್ಮಪ್ಪ ಕಟ್ಟಿಸಿದ ಕಕ್ಕಸು ಅಂದ್ಕೊಂಡಿದ್ದೀಯಾ?"

ಪೊದೆಯ ಮರೆಯಲ್ಲಿ ಆಗಷ್ಟೇ ಕೂತಿದ್ದ ಗುದ್ದಲಿಯಕ್ಕನ ನಾದಿನಿ ಗಾಬರಿಬಿದ್ದು ಬಟ್ಟೆ ಇಳಿಸಿಕೊಂಡು ಎದ್ದಳು. ತುಂಬಿದ ಬಸುರಿ. ಎದ್ದ ರಭಸಕ್ಕೆ ಕಾಲು ಜಾರಿ, ಕೈಗೆ ಸಿಕ್ಕ ಬಳ್ಳಿ ಹಿಡಿದು ಹೇಗೋ ನಿಂತಳು. ಕಾವಲುಗಾರ ಮುಖ ಆಚೆ ತಿರುಗಿಸುವಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ಹಲ್ಲು ಬಿಟ್ಟುಕೊಂಡು ನೋಡುತ್ತಲೇ ಇದ್ದ.

ಸಸಿಗೆ ಗುಂಡಿ ತೋಡುತ್ತಿದ್ದ ಗುದ್ದಲಿಯಕ್ಕ ಕೆಲಸ ಬಿಟ್ಟು ಓಡಿಬಂದಳು. ಗುದ್ದಲಿ ಹಿಡಿದರೆ ಗಂಡಸರನ್ನೂ ಹಿಂದೆ ಹಾಕುತ್ತಾಳೆಂದು ಶೆಡ್ಡಿನವರೇ ಇಟ್ಟ ಹೆಸರದು.

"ಅಣ್ಣಾ, ಹೊಟ್ಟೆಯವಳು. ಗಳಿಗೆಗೊಂದ್ಸಲ ಒತ್ತಿ ಬರುತ್ತೆ. ಎಲ್ಲಿಗೆ ಹೋಗ್ಬೇಕು ಅವಳು?"

"ಶೆಡ್ಡಿಗೆ ಹೋಗ್ಲಿ."

"ಶೆಡ್ಡಲ್ಲಿ ಕಕ್ಕಸು ಎಲ್ಲಿದೆ?"

"ಅದಕ್ಕೆ ನಾನೇನು ಮಾಡ್ಲಿ, ಬೊಗಸೆ ಹಿಡೀಲಾ? ದೊಡ್ಡ ಸಾಹೇಬ್ರು ಬರೋ ದಿನ ಇವತ್ತು. ಯಾರಾದ್ರೂ ಹೇಲು ತುಳಿದ್ರೆ ನನ್ನ ನೌಕರಿ ಹೋಗುತ್ತೆ. ನಡೀರಿ, ನಡೀರಿ."

ಪೊದೆಯಿದ್ದ ಆ ಇಳಿಜಾರಿನ ಮೇಲ್ಗಡೆಯೇ ಮೊದಲು ಅವರ ಗುಡಿಸಲುಗಳಿದ್ದವು. ಗುದ್ದಲಿಯಕ್ಕ ಮದುವೆಯಾಗಿ ಬಂದಾಗ ಹಗಲಲ್ಲೂ ಬಿಸಿಲು ನೆಲ ಮುಟ್ಟದಂಥ ಮಳೆಕಾಡು. ಈಗ ಬಳಗದ ಅಧ್ಯಕ್ಷರಾಗಿರುವವರು ಆಗ ಮರ ಕೊಯ್ಯುವ ಮಿಲ್ಲು ಇಟ್ಟಿದ್ದರು. ಅವಳ ಗಂಡ ಅವರ ಕೂಲಿಗೆ ಮರ ಕಡಿಯಲು ಹೋಗಿ, ಮರದಡಿಗೇ ಸಿಕ್ಕಿ ಸತ್ತ. ಇಳಿಜಾರು ಪೂರ್ತಿ ಬೋಳಾಗಿ ಹಲಗೆಯೆಲ್ಲ ಮಾರಾಟವಾದ ಮೇಲೆ ಅಧ್ಯಕ್ಷರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಿತು. ಪೇಟೆಯ ಸ್ನೇಹಿತರನ್ನು ಸೇರಿಸಿ ಕಾಡು ಉಳಿಸುವ ಬಳಗ ಕಟ್ಟಿದರು. ಗುಡಿಸಲಿನವರಿಂದ ಕಾಡು ಹಾಳಾಗುತ್ತಿದೆ ಎಂದು ಬಳಗ ತೀರ್ಮಾನಿಸಿತು. ಗುಡಿಸಲು ಕಿತ್ತು, ಜನರನ್ನು ರಸ್ತೆ ಪಕ್ಕದ ತಗಡಿನ ಶೆಡ್ಡುಗಳಿಗೆ ತಂದು ಹಾಕಿದರು.

"ಕಾಡು ವಾಪಸ್ ಬರ್ಲಿ, ನಿಮ್ಮ ಜಾಗ ನಿಮಗೆ ಕೊಡಿಸ್ತೀನಿ. ಅಲ್ಲೀವರೆಗೆ ಎಲ್ಲರೂ ಸೇರಿ ಸೇವೆ ಮಾಡೋಣ" ಅಂದಿದ್ದರು ಅಧ್ಯಕ್ಷರು. ಸೇವೆಗೆ ಕೂಲಿ ಕೇಳುವುದುಂಟೆ? ಹೆಂಗಸರು ಬೇರೆಯವರ ತೋಟದಲ್ಲಿ ದುಡಿದು ಬಂದು, ಉಳಿದ ಹೊತ್ತಿನಲ್ಲಿ ಬೀಜ ಆರಿಸಿದರು, ಸಸಿ ಎಬ್ಬಿಸಿದರು, ಗಿಡಗಳ ಕತ್ತು ಹಿಸುಕುವ ಬಳ್ಳಿ ಕಿತ್ತರು. ಗಿಡಗಳು ಆಳೆತ್ತರಕ್ಕೆ ಬಂದವು. ಬತ್ತಿದ್ದ ತೊರೆಯಲ್ಲಿ ಕಪ್ಪೆ ಕೂಗಿದ ದಿನ ಗುದ್ದಲಿಯಕ್ಕ ಸುಮ್ಮನೆ ದಡದಲ್ಲಿ ಕೂತು ಕೇಳಿದ್ದಳು. ಅದೇ ಸಂಜೆ ಅಧ್ಯಕ್ಷರು ಇಳಿಜಾರಿನ ಸುತ್ತ ತಂತಿ ಬೇಲಿ ಹಾಕಿಸಲು ಅಳತೆ ತೆಗೆಸಿದರು.

ದೊಡ್ಡ ಸಾಹೇಬರ ಜೊತೆ ಪೇಟೆಯಿಂದ ಬಳಗದ ಅತಿಥಿಗಳು ಬಂದರು. ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಟೋಪಿ, ಕೈಗೆ ಹೊಚ್ಚಹೊಸ ಗ್ಲೌಸು. ಹೆಂಗಸರು ತೋಡಿಟ್ಟ ಗುಂಡಿಗಳಲ್ಲಿ ಸಸಿ ಇಟ್ಟು, ಫೋಟೋ ತೆಗೆಸಿಕೊಂಡು, ಗ್ಲೌಸು ಅಲ್ಲೇ ಕಳಚಿ ಎಸೆದು ಶಾಮಿಯಾನದ ಕಡೆ ನಡೆದರು. ಶಾಮಿಯಾನದ ಹಿಂದೆ ಅವರಿಗೆಂದೇ ಲಾರಿಯಲ್ಲಿ ತಂದಿಟ್ಟ ಪ್ಲಾಸ್ಟಿಕ್ ಕಕ್ಕಸು. ಬಾಗಿಲ ಮೇಲೆ 'ಅತಿಥಿಗಳಿಗೆ ಮಾತ್ರ' ಎಂಬ ಚೀಟಿ.

ಅಧ್ಯಕ್ಷರು ಮೈಕು ಹಿಡಿದರು. "ಈ ತಾಯಂದಿರೇ ನಮ್ಮ ನಿಜವಾದ ಸ್ವಯಂಸೇವಕರು. ಒಂದು ಪೈಸೆ ಆಸೆಯಿಲ್ಲ. ಕಾಡೇ ಇವರ ಉಸಿರು." ಚಪ್ಪಾಳೆ ಬಿತ್ತು. ಗುದ್ದಲಿಯಕ್ಕ ಪಕ್ಕಕ್ಕೆ ಉಗುಳಿದಳು.

ತಿರುಗಿ ನೋಡಿದರೆ ನಾದಿನಿ ಕಾಣಲಿಲ್ಲ. ಬೆಳಗಿನಿಂದ ಉಚ್ಚೆ ಕಟ್ಟಿಕೊಂಡಿದ್ದವಳು ಇನ್ನು ತಡೆಯಲಾರದೆ ಆ ಕಕ್ಕಸಿನ ಬಾಗಿಲು ಎಳೆದಿದ್ದಳು. ಸಾಲಿನಲ್ಲಿ ನಿಂತಿದ್ದ ಅಧ್ಯಕ್ಷರ ಹೆಂಡತಿ ಕಿರುಚಿದಳು.

"ಏಯ್! ಯಾರೇ ನೀನು? ಓದೋಕೆ ಬರಲ್ವಾ? ಬಾಗಿಲು ಬಿಡು!"

"ಅಮ್ಮಾ, ಒಂದೇ ನಿಮಿಷ ಅಮ್ಮಾ..."

"ಥೂ, ನೀನು ಕೂತಲ್ಲಿ ನಾವು ಕೂರ್ಬೇಕಾ? ಅಸಹ್ಯ! ರೀ, ಇದನ್ನ ಯಾರಾದ್ರೂ ಎಳೀರಿ ಆಚೆ!"

ಕಾವಲುಗಾರ ಕೋಲಿನ ತುದಿಯಿಂದ ನಾದಿನಿಯ ಭುಜಕ್ಕೆ ತಿವಿದ. ಅವಳು ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಅಷ್ಟೇ. ಅಷ್ಟು ಜನರ ಮುಂದೆ, ಚಪ್ಪಲಿಯಿಲ್ಲದ ಕಾಲುಗಳ ಮೇಲೆ ಧಾರೆಯಾಗಿ ಇಳಿದುಹೋಯಿತು. ಯಾರೋ ಕಿಸಕ್ಕೆಂದರು. ಯಾರೋ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ನಾದಿನಿ ಅಲ್ಲೇ ಕುಸಿದು ಕೂತು, ಮೊಣಕಾಲಲ್ಲಿ ಮುಖ ಹುದುಗಿಸಿದಳು.

ಅಧ್ಯಕ್ಷರು ಬಂದು ಕತ್ತು ಹೊರಳಿಸಿ ನೋಡಿದರು. "ಎಂಥಾ ಜನ ಮಾರಾಯ್ರೇ ಇವರು. ಸಾಹೇಬ್ರು ಇರೋವಾಗ್ಲೇ ಇದೆಲ್ಲಾ ಆಗ್ಬೇಕಾ?" ಆಮೇಲೆ ಗುದ್ದಲಿಯಕ್ಕನಿಗೆ, "ನೋಡು, ಇಲ್ಲಿಗೆ ಫಿನಾಯಿಲ್ ಹಾಕು. ಆಮೇಲೆ ಒಳಗಿನ ತೊಟ್ಟಿನೂ ತುಂಬಿದೆ, ಕೆಳಗಡೆ ಎಲ್ಲಾದ್ರೂ ಚೆಲ್ಲಿ ಬಾ. ನಿಮಗೆ ಇದೆಲ್ಲ ಅಭ್ಯಾಸ ಇದ್ದೇ ಇರುತ್ತೆ."

ಗುದ್ದಲಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಕ್ಕಸಿನ ಹಿಂಬದಿಗೆ ಹೋಗಿ ಪೀಠದಡಿಯ ತೊಟ್ಟಿ ಎಳೆದಳು. ಕಂಠಮಟ್ಟ ತುಂಬಿತ್ತು. ಎತ್ತುವಾಗ ತುಳುಕಿ ಮೊಣಕೈವರೆಗೂ ಇಳಿಯಿತು. ಅವಳು ಇಳಿಜಾರಿನ ಕಡೆ ಹೋಗಲಿಲ್ಲ. ಶಾಮಿಯಾನದ ಮುಂದೆ ದೊಡ್ಡ ಸಾಹೇಬರು ಸಸಿ ಹಿಡಿದು, ಕ್ಯಾಮೆರಾ ಕಡೆ ಮುಖ ಮಾಡಿ, ರಂಗೋಲಿ ಪುಡಿಯಿಂದ ಗೆರೆ ಎಳೆದ ಗುಂಡಿಯ ಮುಂದೆ ಬಗ್ಗಿದ್ದರು. ನೇರ ಅಲ್ಲಿಗೇ ನಡೆದು ತೊಟ್ಟಿಯನ್ನು ಗುಂಡಿಯೊಳಕ್ಕೆ ಬೋರಲು ಹಾಕಿದಳು.

ಸಾಹೇಬರ ಬಿಳಿ ಪ್ಯಾಂಟಿನ ಮೇಲೆ ಹಾರಿತು.

"ಏನೇ ಇದು!" ಸಾಹೇಬರು ಸಸಿ ಕೈಬಿಟ್ಟು ಹಿಂದಕ್ಕೆ ಹಾರಿದರು.

"ಗೊಬ್ಬರ ಸ್ವಾಮಿ. ಹೊರಗಿನವರದ್ದಲ್ಲ, ನಿಮ್ಮ ಬಳಗದವರದ್ದೇ. ಗಿಡ ಚೆನ್ನಾಗಿ ಬರುತ್ತೆ, ನೆಡಿ."

"ಹಿಡೀರೋ ಆ ಲೌಡೀನಾ!" ಮೈಕು ಇನ್ನೂ ಚಾಲೂ ಇತ್ತು, ಅಧ್ಯಕ್ಷರ ಮಾತು ಇಳಿಜಾರಿನ ಉದ್ದಕ್ಕೂ ಕೇಳಿಸಿತು.

ಕಾವಲುಗಾರ ಎರಡು ಹೆಜ್ಜೆ ಇಟ್ಟ. ಗುದ್ದಲಿಯಕ್ಕ ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವನು ಕೋಲನ್ನೂ ಹಿಂದಕ್ಕೆ ಎಳೆದುಕೊಂಡ.

"ಬಾ ಅಣ್ಣಾ, ಹಿಡಿ. ಯಾಕೆ ನಿಂತೆ?"

ಒಬ್ಬರೂ ಹತ್ತಿರ ಬರಲಿಲ್ಲ. ಅವಳು ಖಾಲಿ ತೊಟ್ಟಿ ಎತ್ತಿಕೊಂಡು ಹೆಜ್ಜೆ ಇಟ್ಟ ಕಡೆಯೆಲ್ಲ ಟೋಪಿಗಳು ಎರಡು ಪಾಲಾಗಿ ದಾರಿ ಬಿಟ್ಟವು. ಕಕ್ಕಸಿನ ಹತ್ತಿರ ಹೋಗಿ, ತೊಟ್ಟಿಯನ್ನು ಅದರ ಜಾಗಕ್ಕೆ ತಳ್ಳಿ, ಬಾಗಿಲನ್ನು ಕಾಲಿನಿಂದ ತೆರೆದಳು.

"ಏಳೇ ತಂಗಿ. ಒಳಗೆ ನಲ್ಲಿ ಇದೆ, ನೀರಿದೆ, ಸೋಪಿದೆ. ಒಳಗೆ ಹೋಗಿ ಚಿಲಕ ಹಾಕ್ಕೋ. ಅವಸರ ಮಾಡ್ಬೇಡ."

"ಅತ್ತಿಗೆ... ಹೊಡೀತಾರೆ."

"ಹೊಡೆಯೋಕೆ ಮುಟ್ಬೇಕಲ್ಲ. ಹೋಗು."

ನಾದಿನಿ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಚಿಲಕ ಬಿದ್ದಿತು. ಒಳಗೆ ನೀರು ಬೀಳತೊಡಗಿತು. ಗುದ್ದಲಿಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಎರಡು ಕೈ ಅಗಲಿಸಿಕೊಂಡು ನಿಂತಳು. ಎದುರಿಗೆ ಅಧ್ಯಕ್ಷರು ಫೋನಿನಲ್ಲಿ ಪೊಲೀಸರನ್ನು ಕೂಗಿ ಕರೆಯುತ್ತಿದ್ದರು. ಅವರ ಹೆಂಡತಿ ಹೊಟ್ಟೆ ಅಮುಕಿಕೊಂಡು, ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿನ ಮೇಲೆ ಭಾರ ಬದಲಿಸುತ್ತ ಸಾಲಿನಲ್ಲೇ ನಿಂತಿದ್ದಳು.