ನಾಗಬನ ಎಂಬ ಒಂದೇ ಪದ

ನಮ್ಮ ಹೋಟೆಲಿನ ಹೆಸರು ನೋಂದಣಿಗೆ ಸಿಗುತ್ತದೋ ಇಲ್ಲವೋ ನೋಡಲು ಟ್ರೇಡ್ ಮಾರ್ಕ್ ಏಜೆಂಟ ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ‘ಶ್ರೀ ನಾಗಬನ ಟಿಫಿನ್ ಹೋಮ್’ ಎಂದು ಬೋರ್ಡಿನಲ್ಲಿದ್ದಂತೆಯೇ ಉದ್ದಕ್ಕೆ ಟೈಪ್ ಮಾಡಿದ. ಏನೂ ಬರಲಿಲ್ಲ. ಹೆಸರು ಖಾಲಿ ಇದೆ ಅಕ್ಕಾ ಎಂದು ಗುಜರಾತಿಯಲ್ಲಿ ಹೇಳಿ ಕೈಕೊಡವಿದ. ಅದೂ ಒಂದು ಹುಡುಕಾಟವೇ! ಉಧ್ನಾದಲ್ಲಿ ಇಪ್ಪತ್ತೇಳು ವರ್ಷ ಹಿಟ್ಟು ರುಬ್ಬಿದವಳು ನಾನು. ಕಲ್ಲು ಆರಿಸದೆ ಅಕ್ಕಿ ನೆನೆಸುವವರನ್ನು ಕಂಡರೆ ನನಗಾಗುವುದಿಲ್ಲ.

ಪಕ್ಕದ ಪಾಂಡೇಸರಾದಲ್ಲಿ ಎರಡನೇ ಹೋಟೆಲು ತೆರೆಯಲು ಓಡಾಡುತ್ತಿದ್ದ ಮಗಳು ನಿಶ್ಚಿತಾಳಿಗೆ ಹೇಳಿದೆ:

“ಶ್ರೀ ತೆಗಿ, ಟಿಫಿನ್ ಹೋಮ್ ತೆಗಿ. ಅದು ಎಲ್ಲರ ಬೋರ್ಡಲ್ಲೂ ಉಂಟು. ನಾಗಬನ ಅಂತ ಮಾತ್ರ ಹಾಕು.”

ಅವಳು ಆ ಒಂದೇ ಪದ ಹಾಕಿ, ಹೋಟೆಲು-ತಿಂಡಿಯ ವಿಭಾಗವನ್ನು ಆರಿಸಿ, ಆ ಪದವಿರುವ ಹೆಸರುಗಳನ್ನೆಲ್ಲ ತೋರಿಸು ಎಂದು ಒತ್ತಿದಳು. ಬಂದದ್ದು ಒಂದೇ: ನಾಗಬನ ಫುಡ್ಸ್, ವಡೋದರಾ. ಅರ್ಜಿದಾರ, ಅನಿಲ್.

ಅನಿಲ್ ನನ್ನ ಗಂಡ ಗಣಪತಿಯ ಅಕ್ಕನ ಮಗ. ಹತ್ತು ವರ್ಷ ನಮ್ಮ ಅಡುಗೆಮನೆಯಲ್ಲೇ ಕೆಲಸ ಕಲಿತವನು. ವಡೋದರಾದಲ್ಲಿ ಸ್ವಂತ ಹೋಟೆಲು ಹಾಕುವಾಗ ನಮ್ಮವರ ಪದ್ಧತಿಯಂತೆ ವೀಳ್ಯದೆಲೆ, ತೆಂಗಿನಕಾಯಿ ತಂದು ಹೆಸರು ಕೇಳಿದ. ಇವರು ಕಣ್ಣೊರೆಸಿಕೊಂಡು ಕೊಟ್ಟರು. ಕಾಗದವಿಲ್ಲ, ಪತ್ರವಿಲ್ಲ. ಹೆಸರು ಇಟ್ಟುಕೋ ಎಂದೆವೇ ಹೊರತು ನಮ್ಮಿಂದ ಕಿತ್ತುಕೋ ಎಂದಿರಲಿಲ್ಲ!

ಆಗಲೇ ಅವನಿಗೆ ಫೋನ್ ಮಾಡಿದೆ.

“ಹೆಸರು ಮನೆಯಲ್ಲೇ ಇರ್ಲಿ ಅಂತ ಮಾಡಿದ್ದು ಅತ್ತೆ. ನೀವು ಬಳಸಿ, ತೊಂದರೆ ಇಲ್ಲ. ನಾನು ಪರ್ಮಿಶನ್ ಲೆಟರ್ ಕೊಡ್ತೇನೆ.”

“ನೀನು ಕೊಡುದಾ? ನನಗೆ?”

ಫೋನ್ ಇಟ್ಟುಬಿಟ್ಟೆ.

ಅವನ ಅರ್ಜಿಗೆ ಆಕ್ಷೇಪಣೆ ಸಲ್ಲಿಸಲು ಒಂಬತ್ತೇ ದಿನ ಉಳಿದಿತ್ತು. ಸುಮ್ಮನಿದ್ದರೆ ಹೆಸರು ಅವನದಾಗುತ್ತಿತ್ತು. ಹೋಟೆಲು ಇವರ ಹೆಸರಿನಲ್ಲಿರುವುದರಿಂದ ಸಹಿಯನ್ನು ಇವರೇ ಹಾಕಬೇಕು. ಇವರೋ, ಪೆನ್ನು ಮುಟ್ಟಲೊಲ್ಲರು.

“ಅಕ್ಕನ ಮಗ ಮಾರಾಯ್ತಿ. ಅವಳಿಗೆ ನಾನು ಹೇಗೆ ಮುಖ ತೋರಿಸುದು?”

“ಹಾಗಾದ್ರೆ ನಿಮ್ಮ ಮಗಳು ಅವನ ಹತ್ರ ಕೇಳಿ ಬೋರ್ಡು ಹಾಕ್ಲಿ!”

ಅಷ್ಟರಲ್ಲಿ ನಿಶ್ಚಿತಾ ಆ ಅರ್ಜಿಗೆ ಲಗತ್ತಿಸಿದ್ದ ದಾಖಲೆಗಳನ್ನು ತೆರೆದಿದ್ದಳು.

“ಪಪ್ಪಾ, ಪ್ರೂಫ್ ಅಂತ ಫೋಟೋ ಹಾಕಿದ್ದಾನೆ. ನೋಡಿ, ಇದು ಮಮ್ಮಿ.”

ಹೌದು, ನಾನೇ. ತೊಂಬತ್ತೆಂಟರಲ್ಲಿ ಉಧ್ನಾದ ಹೋಟೆಲು ತೆರೆದ ದಿನ, ಮೊದಲ ದೋಸೆ ಹುಯ್ಯುತ್ತಿರುವ ಫೋಟೋ. ಅಂದಿನಿಂದಲೂ ಅರ್ಜಿದಾರನೇ ಈ ಹೆಸರನ್ನು ಬಳಸುತ್ತಿದ್ದಾನೆ ಎಂದು ಕೆಳಗೆ ಬರೆದಿತ್ತು. ನನ್ನ ಮುಖವನ್ನೇ ಸಾಕ್ಷಿ ಮಾಡಿಕೊಂಡು ನನ್ನನ್ನೇ ಹೊರಗೆ ಹಾಕಲು ಹೊರಟವನ ಧೈರ್ಯ ನೋಡಿ!

ಇವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

“ಆ ವರ್ಷ ಅನಿಲ್ ನಾಲ್ಕನೇ ಕ್ಲಾಸು,” ಎಂದರು. “‘ಮಾವ, ಕಂಪಾಸು ಪೆಟ್ಟಿಗೆ ಕಳಿಸಿ’ ಅಂತ ಊರಿಂದ ಕಾಗದ ಬರ್ದಿದ್ದ. ಕಳಿಸಿದ್ದೆ.”

ಆಮೇಲೆ ಮಗಳ ಕಡೆ ಕೈ ಚಾಚಿದರು.

“ಪೆನ್ನು ಕೊಡು. ಎಲ್ಲಿ ಸಹಿ ಹಾಕ್ಬೇಕು?”